ಅತ್ತೆಯ ಪಕ್ಕ ಕೂತು ಕಲಿತ ಏಳರ ಮಗ್ಗಿ

ಅವರೆ ಕಾಲದಲ್ಲಿ ನಮ್ಮ ಸೋದರತ್ತೆಯ ಬೆರಳ ತುದಿಗಳು ಯಾವಾಗಲೂ ಸುಕ್ಕುಗಟ್ಟಿ ಬೆಳ್ಳಗಿರುತ್ತಿದ್ದವು. ನೆನೆಹಾಕಿದ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿದುಕಿದರೆ ಬೇಳೆ ಪುಳಕ್ಕನೆ ಬೋಗುಣಿಗೆ ಹಾರುತ್ತಿತ್ತು, ಸಿಪ್ಪೆ ಕೈಯಲ್ಲೇ ಉಳಿಯುತ್ತಿತ್ತು. ಆ ಕೈಗಳಿಗೆ ಅವರೆಯ ಸೊಗಡು. ಇವತ್ತಿಗೂ ಆ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಸಾರಲ್ಲ, ಏಳರ ಮಗ್ಗಿ.

ಮಗ್ಗಿಯೆಂದರೆ ನನಗೆ ಜೀವಭಯ. ಅಪ್ಪ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಬಂದವರೇ ಕೈಕಾಲು ತೊಳೆದು, ಕುರ್ಚಿ ಎಳೆದುಕೊಂಡು ನನ್ನೆದುರು ಕೂರುತ್ತಿದ್ದರು. "ಏಳೆಂಟ್ಲಿ?" ಹೊಡೆದವರಲ್ಲ, ಬೈದವರೂ ಅಲ್ಲ. ಉತ್ತರ ಬರುವವರೆಗೆ ನನ್ನ ಮುಖವನ್ನೇ ನೋಡುತ್ತಾ ಕಾಯುತ್ತಿದ್ದರು, ಅಷ್ಟೇ. ಎರಡೇಟು ಹಾಕಿದ್ದರೆ ವಾಸಿಯಿತ್ತು. ಅಂಗೈ ಬೆವೆತು, ಗೊತ್ತಿದ್ದದ್ದೂ ಮರೆತುಹೋಗಿ, ನನ್ನ ಹೆಸರು ಕೇಳಿದ್ದರೂ ಹೇಳುತ್ತಿರಲಿಲ್ಲವೇನೋ.

ಒಂದು ಸಂಜೆ ಅಪ್ಪನ ಸ್ಕೂಟರಿನ ಸದ್ದು ಕೇಳಿದ್ದೇ ನಾನು ಒಳಕೋಣೆಯ ರಾಗಿ ಮೂಟೆಗಳ ಹಿಂದೆ ಅವಿತುಕೊಂಡೆ. ಹುಡುಕಿಕೊಂಡು ಬಂದವಳು ಅತ್ತೆ. ಗಂಡ ಹೋದ ಮೇಲೆ ತಮ್ಮನ ಮನೆ ಸೇರಿದ್ದವಳು, ಅಪ್ಪನಿಗೆ ಎದುರಾಡುವವಳಲ್ಲ. ನನ್ನನ್ನು ಈಚೆಗೆ ಎಳೆಯಲೂ ಇಲ್ಲ. ಅವರೆ ಬೋಗುಣಿ ಅಲ್ಲಿಗೇ ತಂದು, ಮೂಟೆಗೆ ಒರಗಿ ನನ್ನ ಪಕ್ಕ ಕೂತಳು.

"ಒಸಿ ಕೈ ಹಾಕು ಕಣಮ್ಮ, ಸಾರಿಗೆ ಹೊತ್ತಾಯ್ತು."

ಹಿದುಕತೊಡಗಿದೆವು. ಎಷ್ಟೋ ಹೊತ್ತಾದ ಮೇಲೆ, ಬೋಗುಣಿಯಿಂದ ಕಣ್ಣೆತ್ತದೆ, "ಏಳೊಂದ್ಲಿ?" ಎಂದಳು. ಏಳು ಎಂದೆ. ಹಾಗೇ ಮುಂದೆ ಹೋದೆವು. ಏಳೆಂಟ್ಲಿಗೆ ಐವತ್ನಾಲ್ಕು ಎಂದುಬಿಟ್ಟೆ. ಅತ್ತೆ ತಪ್ಪು ಎನ್ನಲಿಲ್ಲ, ಅಪ್ಪನಂತೆ ಕಾಯಲೂ ಇಲ್ಲ.

"ಪರವಾಲೇದು. ಇನ್ನೊಂದು ಹಿದುಕು."

ಚಿಂತಾಮಣಿಯ ಆಚೆಗೆ ಕೊಟ್ಟಿದ್ದರಿಂದ ಅವಳ ಮಾತಿಗೆ ತೆಲುಗು ಅಂಟಿಕೊಂಡಿತ್ತು; ಪರವಾಗಿಲ್ಲ ಎನ್ನುವುದು ಅವಳ ಬಾಯಲ್ಲಿ ಪರವಾಲೇದು. ನಾನು ಹಿದುಕಿದೆ. ಐವತ್ತಾರು ತಾನಾಗಿ ಬಂತು.

ಆಮೇಲೆ ಅದೇ ಪಾಠ. ಅವರೆ ಮುಗಿದರೆ ಹುಣಸೆಹಣ್ಣು, ಅದೂ ಮುಗಿದರೆ ಕಡಲೆಕಾಯಿ. ಅತ್ತೆ ಮಾತ್ರ ಒಮ್ಮೆಯೂ ಎದುರು ಕೂರಲಿಲ್ಲ. "ಕೈಗೆ ಕೆಲ್ಸ ಇದ್ರೆ ಭಯ ಬಾಯಿ ತಂಕ ಬರಲ್ಲ" ಎನ್ನುತ್ತಿದ್ದಳು.

ಹೋದ ವರ್ಷ ಚಳಿ ಶುರುವಾಗುತ್ತಿದ್ದಂತೆ ಅತ್ತೆಗೆ ಲಕ್ವ ಹೊಡೆಯಿತು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಎದುರು ಕೂತು, "ನೂರರಲ್ಲಿ ಏಳು ಕಳೆದ್ರೆ ಎಷ್ಟಮ್ಮ?" ಎಂದು ಮೆತ್ತಗೇ ಕೇಳಿ, ಕಾದರು. ಅತ್ತೆ ನನ್ನ ಸೆರಗು ಹಿಡಿದುಕೊಂಡಳು. ಅವಳು ಉಗುಳು ನುಂಗುವುದನ್ನು ನೋಡಿ ನನ್ನ ಅಂಗೈ ಬೆವರಿತು.

ಮನೆಗೆ ಕರೆತಂದ ಮೇಲೆ ಇನ್ನೂ ಕಷ್ಟ. ನೋಡಲು ಬಂದವರೆಲ್ಲ ಮುಖದ ಹತ್ತಿರ ಬಗ್ಗಿ, "ನಾನ್ಯಾರು ಹೇಳು, ಗೊತ್ತಾಯ್ತಾ?" ಎನ್ನುವವರೇ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿ ಮಾತೇ ಬಿಟ್ಟಳು. ನಾನ್ಯಾರೆಂಬುದೂ ಮರೆತುಹೋಗಿದೆಯೇನೋ ಎಂದು ನನಗೆ ಹೆದರಿಕೆ ಹತ್ತಿತು. ಕೇಳಲು ಧೈರ್ಯ ಬರಲಿಲ್ಲ.

ಅವರೆ ನೆನೆಹಾಕಿದೆ. ಬೋಗುಣಿ ಹಿಡಿದು ಮಂಚದ ಮೇಲೆ ಅವಳ ಪಕ್ಕ ಕೂತು ಹಿದುಕತೊಡಗಿದೆ. ಬಹಳ ಹೊತ್ತಾದ ಮೇಲೆ ಅವಳು ಮೆಲ್ಲನೆ ಈ ಕಡೆ ಹೊರಳಿದಳು. ಸ್ವಾಧೀನದಲ್ಲಿದ್ದ ಎಡಗೈ ಬೋಗುಣಿಗೆ ಇಳಿಯಿತು. ನಾನು ಕಣ್ಣೆತ್ತದೆ, "ಏಳೊಂದ್ಲಿ?" ಎಂದೆ.

"ಏಳು." ತೊದಲು, ಆದರೂ ಅವಳದೇ ದನಿ.

ನಿಧಾನವಾಗಿ ಮುಂದೆ ಹೋದೆವು. ಏಳೆಂಟ್ಲಿಗೆ ಅವಳ ಕೈ ನಿಂತಿತು. "ಬರ್ತಿಲ್ಲ ಕಣಮ್ಮ. ಭಯ ಆಯ್ತದೆ."

"ಪರವಾಲೇದತ್ತೆ, ಇನ್ನೊಂದು ಹಿದುಕು."

ಹಿದುಕಿದಳು. ಐವತ್ತಾರು ಬರಲಿಲ್ಲ. ಆ ಅವರೆ ಕಾಲ ಮುಗಿಯುವ ಮೊದಲೇ ಅತ್ತೆ ಹೋದಳು, ಅಲ್ಲಿಯವರೆಗೂ ಅದು ಅವಳಿಗೆ ಸಿಗಲಿಲ್ಲ. ಆದರೆ ಆ ದಿನ, ಮತ್ತೆ ನಾಲ್ಕು ಕಾಳು ಹಿದುಕಿದ ಮೇಲೆ, ಯಾರೂ ಏನೂ ಕೇಳದಿರುವಾಗ, ಬೋಗುಣಿಯನ್ನೇ ನೋಡುತ್ತಾ ಅಂದಳು:

"ನೀನೂ ಏಳೆಂಟ್ಲಿ ಹತ್ರಾನೇ ನಿಲ್ತಿದ್ದೆ. ರಾಗಿ ಮೂಟೆ ಹಿಂದೆ."