ತಂಗಿಯ ಮನೆಯ ಬೆಳಕು

ಸಂಜಯನಗರದಲ್ಲಿರುವ ನನ್ನ ತಂಗಿ ಮನೆಗೆಲ್ಲ ಹೊಸ ಲೈಟು ಹಾಕಿಸಿದ್ದಾಳೆ ಅಂತ ನನಗೆ ಮೊದಲು ಹೇಳಿದವಳು ಅವ್ವ. ಫೋನಿನಲ್ಲಿ ಅವಳ ದನಿ ಯಾವುದೋ ಮದುವೆಗೆ ಹೋಗಿ ಬಂದವಳ ಹಾಗಿತ್ತು. ಸೀಲಿಂಗಿನೊಳಗೇ ದೀಪ ಕೂತಾವ, ದೀಪ ಕಾಣಂಗಿಲ್ಲ, ಬೆಳಕಷ್ಟ ಕಾಣ್ತತಿ ಅಂದಳು. ನಾನು ಹೂಂ ಅಂದೆ.

ಅಪ್ಪ ತೀರಿಕೊಂಡ ಮೇಲೆ ಅವ್ವ ಗದಗಿನ ಕಡೆಯ ಮನೆ ಬಿಟ್ಟು ಬೆಂಗಳೂರಿಗೆ ಬಂದಿದ್ದಳು. ಗಂಡುಮಕ್ಕಳಿಲ್ಲ, ನಾವಿಬ್ಬರೇ. ಕೆಂಪಾಪುರದ ನನ್ನ ಮನೆಯಲ್ಲಿ ಕೆಲವು ತಿಂಗಳು, ತಂಗಿಯ ಮನೆಯಲ್ಲಿ ಕೆಲವು ತಿಂಗಳು ಇರಬೇಕು ಅಂತ ಮಾತಾಗಿತ್ತು. ಹೆಬ್ಬಾಳದ ಫ್ಲೈಓವರ್ ಖಾಲಿ ಇದ್ದರೆ ಎರಡೂ ಮನೆಗೆ ಏನೂ ದೂರವಿಲ್ಲ. ಆದರೆ ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಅವ್ವ ತಂಗಿಯ ಮನೆಯಿಂದ ಏಳುವುದನ್ನೇ ಮರೆತಂತಿದ್ದಳು. ಕರೆದಾಗಲೆಲ್ಲ ಒಂದು ನೆಪ. ಕಣ್ಣಿಗೆ ಡ್ರಾಪ್ಸ್ ಹಾಕುವುದು ಮುಗಿಯಲಿ ಅನ್ನುತ್ತಿದ್ದಳು, ಆಮೇಲೆ ಮೊಮ್ಮಗಳ ಪರೀಕ್ಷೆ ಮುಗಿಯಲಿ ಅಂದಳು.

ಒಂದು ಭಾನುವಾರ ಸಂಜೆ ನಾನೇ ಹೋದೆ. ತಂಗಿ ಬಾಗಿಲು ತೆಗೆದಾಗ ಮನೆ ನನಗೆ ಗುರುತೇ ಸಿಗಲಿಲ್ಲ. ಅದೇ ಹಳೆ ಸೋಫಾ, ಅದೇ ಶೋಕೇಸು, ಆದರೆ ಎಲ್ಲದರ ಮೇಲೂ ತೆಳುವಾಗಿ ಬೆಣ್ಣೆ ಸವರಿದ ಹಾಗೆ ಹಳದಿ ಬೆಳಕು. ಅವ್ವ ತನ್ನ ಕೋಣೆಯಲ್ಲಿ ಮಂಚದ ಮೇಲೆ ಕೌದಿ ಹರಡಿಕೊಂಡು ಕೂತಿದ್ದಳು. ಹಳೆ ಸೀರೆಗಳ ತುಂಡು ಪೇರಿಸಿ ಹೊಲಿಯುವ ಆ ಹೊದಿಕೆಯನ್ನು ಕಣ್ಣು ಮಂಜಾದಾಗಿನಿಂದ ಅವಳು ಮುಟ್ಟಿರಲಿಲ್ಲ. ಈಗ ಅವಳೇ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮುಖ ತುಂಬಿಕೊಂಡು, ವಯಸ್ಸು ಇಳಿದಂತೆ ಕಂಡಿತು.

"ಇಲ್ಲೆ ಬೆಳಕು ಭಾಳ ಚಲೋ ಐತಿ ನೋಡ," ಅಂದಳು, ತಲೆ ಎತ್ತದೆ.

ಹಾಗಾದರೆ ಅಲ್ಲಿ, ನನ್ನ ಮನೆಯಲ್ಲಿ, ಏನಿತ್ತು? ತಂಗಿ ಚಹಾ ಮಾಡಲು ಒಳಗೆ ಹೋದಾಗ ನಾನು ಮೊಬೈಲು ತೆಗೆದು ಹಾಲಿನ ಸೀಲಿಂಗಿನ ಫೋಟೋ ಹೊಡೆದುಕೊಂಡೆ.

ಮನೆಗೆ ಬಂದು ಲೈಟು ಬದಲಾಯಿಸಬೇಕು ಅಂದಾಗ ನನ್ನ ಗಂಡ ಟ್ಯೂಬ್‌ಲೈಟಿನ ಕಡೆ ನೋಡಿ, ಅದು ಚೆನ್ನಾಗೇ ಉರಿಯುತ್ತಿದೆಯಲ್ಲ ಅಂದರು. ನಾನು ಮಾತು ಬೆಳೆಸಲಿಲ್ಲ, ಮರುವಾರ ಫಾಲ್ಸ್ ಸೀಲಿಂಗಿನವರನ್ನು ಕರೆಸಿದೆ. ಹಾಲು ಮತ್ತು ಅವ್ವನ ಕೋಣೆ, ಎರಡಕ್ಕೂ.

ಕಾಲೇಜಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಆರ್.ಟಿ. ನಗರದ ಲೈಟಿನ ಅಂಗಡಿಗೆ ಹೋದೆ. ಗೋಡೆಯುದ್ದಕ್ಕೂ ಸೀಲಿಂಗಿನೊಳಗೆ ಕೂರಿಸುವ ಡೌನ್‌ಲೈಟುಗಳು ಸಾಲಾಗಿ ಉರಿಯುತ್ತಿದ್ದವು, ದೊಡ್ಡವು, ಚಿಕ್ಕವು, ಚೌಕದವು. ಅಂಗಡಿಯವನು ನನ್ನ ಫೋಟೋ ನೋಡಿ ಅಂಥದ್ದೇ ಒಂದನ್ನು ತೆಗೆದು ತೋರಿಸಿದ. ಇದರಲ್ಲಿ ದೀಪ ಒಳಗೆ ಇಳಿದು ಕೂತಿರುತ್ತೆ ಮೇಡಂ, ಕಣ್ಣಿಗೆ ನೇರ ಹೊಡೆಯಲ್ಲ, ಬೆಳಕು ಮಾತ್ರ ಒಂದು ಚೂರು ಕಡಿಮೆ ಅನ್ನಿಸಬಹುದು ಅಂದ. ಪಕ್ಕದಲ್ಲಿ ಇನ್ನೊಂದಿತ್ತು, ಚಪ್ಪಟೆ, ಹಾಲಿನಂಥ ಬಿಳಿ ಬೆಳಕು, ಅದರ ಕೆಳಗೆ ಅಂಗಡಿಯವನ ಅಂಗಿಯ ನೂಲುನೂಲೂ ಕಾಣುತ್ತಿತ್ತು.

ತಂಗಿಗಿಂತ ಕಡಿಮೆ ಬೆಳಕಂತೂ ನನಗೆ ಬೇಡವಾಗಿತ್ತು. ಅಷ್ಟೇ ಬೆಳಕೂ ಬೇಡವಾಗಿತ್ತು. ಬಿಳಿಯದನ್ನೇ ತಗೊಂಡೆ, ವ್ಯಾಟ್ ಒಂದು ಮೆಟ್ಟಿಲು ಮೇಲಿನದು. ದೀಪಗಳೂ ತಂಗಿ ಅವ್ವನ ಕೋಣೆಗೆ ಹಾಕಿಸಿದ್ದಕ್ಕಿಂತ ಎರಡು ಹೆಚ್ಚು.

ಕೆಲಸದ ದಿನ ಎಲೆಕ್ಟ್ರಿಷಿಯನ್ ಏಣಿ ಹತ್ತಿ, ಒಂದ್ಸಲ ತೂತು ಕೊರೆದ್ರೆ ಮುಗೀತು, ಎಲ್ಲಿ ಬೇಕು ಸರಿಯಾಗಿ ಹೇಳಿಬಿಡಿ ಅಂದ. ಸಾಲು ನೆಟ್ಟಗಿರಬೇಕು ಅಂತ ನಾನು ಹೇಳಿದೆ. ಸಾಲು ನೆಟ್ಟಗೆ ಬರಬೇಕಾದರೆ ಎರಡು ದೀಪ ಮಂಚದ ತಲೆದಿಂಬಿನ ನೇರಕ್ಕೇ ಬರುತ್ತಿದ್ದವು. ಬರಲಿ ಅಂದೆ. ನಾನು ಅಲ್ಲಿ ಕೆಳಗೆ ನಿಂತು ನೋಡುತ್ತಿದ್ದೆ. ಅಲ್ಲಿ ಮಲಗಿ ನೋಡುವವಳು ಅವ್ವ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಅವ್ವ ಬಂದಳು. ಈ ಸಲ ನೆಪ ಹೇಳಲಿಲ್ಲ, ಕೌದಿಯ ಗಂಟನ್ನೂ ತಂದಿದ್ದಳು. ಸಂಜೆ ಎಲ್ಲ ಸ್ವಿಚ್ಚೂ ಒತ್ತಿದೆ. ಪಕ್ಕದ ಮನೆಯವರು ಬಂದು, ಏನ್ರೀ, ಜ್ಯುವೆಲ್ಲರಿ ಶಾಪ್ ಥರ ಆಗೋಗಿದೆ ಕಣ್ರೀ ಅಂದರು. ನಾನು ಅದನ್ನು ಹೊಗಳಿಕೆ ಅಂತಲೇ ತಗೊಂಡೆ. ಅವ್ವ ಸುತ್ತ ನೋಡಿ, ಚಲೋ ಮಾಡೀಯವ್ವ ಅಂದಳು. ನನಗೆ ಅಷ್ಟು ಸಾಕಾಯಿತು.

ಆದರೆ ದಿನ ಹೋಗುತ್ತಿದ್ದಂತೆ ಅವಳು ಕೋಣೆಯಲ್ಲಿ ಕೂರುವುದೇ ಕಡಿಮೆಯಾಯಿತು. ನಾನು ಕೆಲಸದಿಂದ ಬರುವ ಹೊತ್ತಿಗೆ ಅಡುಗೆಮನೆಯ ಮೂಲೆಯಲ್ಲಿ, ನಾನು ಬದಲಾಯಿಸದೆ ಬಿಟ್ಟಿದ್ದ ಹಳೆ ಟ್ಯೂಬ್‌ಲೈಟಿನ ಕೆಳಗೆ, ಸ್ಟೂಲಿನ ಮೇಲೆ ಕೂತು ಹೊಲಿಯುತ್ತಿರುತ್ತಿದ್ದಳು. ನಾನು ಹೋಗಿ ಅವಳ ಕೋಣೆಯ ಲೈಟು ಹಾಕುತ್ತಿದ್ದೆ. ಅವಳು ಸುಮ್ಮನೆ ಎದ್ದು ಹೋಗಿ ಮಂಚದ ಮೇಲೆ ಕೂರುತ್ತಿದ್ದಳು. ಒಂದು ದಿನ ನೋಡಿದರೆ ಅಲ್ಲೇ ಮಲಗಿ, ಸೆರಗನ್ನು ಮುಖದ ಮೇಲೆಳೆದುಕೊಂಡಿದ್ದಳು. ಆಯಾಸವಾಗಿದೆ ಅಂದುಕೊಂಡೆ.

ಆಮೇಲೆ ತಂಗಿಯ ಫೋನು ಬಂತು.

"ಅಕ್ಕಾ, ಅವ್ವಗ ನಿಮ್ಮನಿ ಲೈಟು ಕಣ್ಣಿಗೆ ಚುಚ್ಚತಾವಂತ."

ನನಗೆ ಸಿಟ್ಟು ಬಂತು. ಲೈಟು ಚುಚ್ಚಿದ್ದಕ್ಕಲ್ಲ. ನನ್ನ ಮನೆಯಲ್ಲಿದ್ದುಕೊಂಡು, ನಾನು ಹಾಕಿಸಿದ ದೀಪದ ಕೆಳಗೆ ಕೂತುಕೊಂಡು, ಅವ್ವ ಅದನ್ನು ತಂಗಿಗೆ ಹೇಳಿದ್ದಳಲ್ಲ. ನೇರ ಅವ್ವನ ಮುಂದೆ ಹೋಗಿ ನಿಂತೆ. ಆಕಿಗೆ ಹೇಳಿದಿ, ನನಗ ಯಾಕ ಹೇಳಲಿಲ್ಲ ಅಂತ ಕೇಳಿದೆ.

ಅವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿ ಕೌದಿ ಪಕ್ಕಕ್ಕಿಟ್ಟಳು. "ನೀ ಭಾಳ ಆಸೆಲೇ ಮಾಡಿಸಿದ್ದಿ. ಆಕಿಗೆ ಏನರ ಅಂದ್ರ ಜಗಳಾ ಮಾಡ್ತಾಳ, ಮುಗೀತತಿ. ನೀ ಜಗಳಾ ಮಾಡಂಗಿಲ್ಲ. ಒಳಗ ಇಟ್ಕೋತಿ. ನಿನಗ ಹೇಳಾಕ ನನಗ ಅಂಜಿಕಿ."

ಅವ್ವನಿಗೆ ನನ್ನನ್ನು ಕಂಡರೆ ಅಂಜಿಕೆ ಅನ್ನುವುದನ್ನು ನಾನು ಆವತ್ತಿನವರೆಗೆ ಕೇಳಿರಲಿಲ್ಲ. ಅಡುಗೆಮನೆಗೆ ಹೋಗಿ, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು ಮತ್ತೆ ತೊಳೆದೆ.

ಶನಿವಾರ ತಂಗಿ ಬಂದಳು. ಬಂದವಳೇ ಅವ್ವನ ಮಂಚದ ಮೇಲೆ ಉದ್ದಕ್ಕೆ ಮಲಗಿ ಮೇಲೆ ನೋಡಿ, ತಕ್ಷಣ ಕಣ್ಣು ಮುಚ್ಚಿಕೊಂಡಳು. ತಾನು ತೂತು ಕೊರೆಸುವ ಮೊದಲು ಅವ್ವನನ್ನು ಹೀಗೇ ಮಲಗಿಸಿ, ಮೇಲೆ ಟಾರ್ಚು ಹಿಡಿಸಿ, ಎಲ್ಲಿ ಚುಚ್ಚುತ್ತದೆ ಅಂತ ಕೇಳಿಕೊಂಡಿದ್ದೆ ಅಂದಳು. ಅದನ್ನು ಅವಳು ಸಹಜವಾಗಿಯೇ ಹೇಳಿದಳು. ನನಗೆ ಮಾತ್ರ ತಡೆಯಲಾಗಲಿಲ್ಲ. ನೀ ಎಲ್ಲಾ ಬಲ್ಲಾಕಿ, ಅವ್ವನ್ನ ನೀನ ಇಟ್ಕೋ ಅಂದುಬಿಟ್ಟೆ. ಅವಳೂ ಸುಮ್ಮನಿರಲಿಲ್ಲ. ಅವ್ವನ ಆಪರೇಷನ್ ದಿನ ನಾನು ಆಸ್ಪತ್ರೆಗೆ ಸಂಜೆ ಬಂದದ್ದು, ಬಂದು ಮೊದಲು ಕೇಳಿದ್ದು ತಂಗಿಯ ಹೊಸ ಸೀರೆಯ ಬಗ್ಗೆ ಅನ್ನುವುದು, ಎಲ್ಲ ಹೊರಗೆ ಬಂತು. ಕದ್ದು ಫೋಟೋ ಹೊಡೆದುಕೊಂಡದ್ದನ್ನು ಅಡುಗೆಮನೆಯಿಂದ ನೋಡಿದ್ದಳಂತೆ. ಕೇಳಿದ್ದರೆ ಅಂಗಡಿಗೇ ಕರೆದುಕೊಂಡು ಹೋಗುತ್ತಿದ್ದೆನಲ್ಲ ಅಂತ ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ನಾನೂ ಅತ್ತೆ, ಸಿಟ್ಟಿನಲ್ಲೇ. ಅವ್ವ ಒಬ್ಬರ ಕಡೆಗೂ ಮಾತಾಡದೆ ನಡುವೆ ಕೂತು ಹೊಲಿಯುತ್ತಿದ್ದಳು. ನಮ್ಮ ಗಂಟಲು ಸೋತ ಮೇಲೆ, ಅಂಗಡಿ ಎಷ್ಟೊತ್ತಿನ ತನ ತೆಗೆದಿರತಾವ ಅಂತ ಕೇಳಿದಳು.

ಮೂವರೂ ಆಟೋದಲ್ಲಿ ಆರ್.ಟಿ. ನಗರಕ್ಕೆ ಹೋದೆವು. ಅವ್ವ ಬ್ಲೌಸಿನೊಳಗಿಂದ ಕೌದಿಗೆ ಕತ್ತರಿಸಿಟ್ಟಿದ್ದ ಎರಡು ಚೂರು ತೆಗೆದಳು, ಒಂದು ಕಪ್ಪು, ಒಂದು ದಟ್ಟ ನೀಲಿ. ಗೋಡೆಯ ಒಂದೊಂದು ದೀಪದ ಕೆಳಗೂ ಆ ಚೂರುಗಳನ್ನು ಹಿಡಿದು ನೋಡುತ್ತ ಹೋದಳು. ತಂಗಿಯ ಮನೆಯಂಥ ಹಳದಿ ದೀಪದ ಕೆಳಗೆ ಎರಡೂ ಒಂದೇ ಬಣ್ಣ. ಅದಕ್ಕ ಕೌದಿಯೊಳಗ ಒಂದು ಸಾಲು ತಪ್ಪೈತಿ ಅಂದಳು, ಯಾರ ಮೇಲೂ ದೂರಿಲ್ಲದ ಹಾಗೆ. ನಾನು ತಂದ ಬಿಳಿಯದರ ಕೆಳಗೆ ಬಣ್ಣ ಕಂಡಿತು, ಕಣ್ಣು ಕಿರಿದಾಯಿತು. ಕೊನೆಗೆ ಎರಡರ ನಡುವಿನ ಬಣ್ಣದ, ಒಳಗಿಳಿದು ಕೂತ ದೀಪದ ಕೆಳಗೆ ನಿಂತು, "ಇದು," ಅಂದಳು.

ತಂಗಿ ಆ ದೀಪವನ್ನೇ ನೋಡುತ್ತಿದ್ದಳು. ನಮ್ಮನ್ಯಾಗೂ ಇದನ್ನ ಹಾಕಿಸಲೇನು ಅಂತ ಮೆಲ್ಲಗೆ ಕೇಳಿದಳು. ಬೇಡ, ನಿನ್ನದು ಚಲೋ ಐತಿ ಅಂತ ಅವ್ವ ಹೇಳಿದರೂ ತಂಗಿಯ ಮುಖ ಸಣ್ಣಗಾದದ್ದು ನನಗೆ ಕಂಡಿತು. ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ತುಂಬ ಸಂತೋಷವಾಯಿತು. ಆಟೋದಲ್ಲಿ ಕೂತ ಮೇಲೆ ಆ ಸಂತೋಷ ಅಷ್ಟು ಚೆನ್ನಾಗಿಲ್ಲ ಅನ್ನಿಸಿ, ಅವಳನ್ನು ಊಟಕ್ಕೆ ನಿಲ್ಲಿಸಿಕೊಂಡೆ.

ಮಂಚದ ಮೇಲಿನ ದೀಪಗಳನ್ನು ತೆಗೆಸಿ, ಹೊಸವನ್ನು ಗೋಡೆಯ ಕಡೆಗೆ ಹಾಕಿಸಿದೆವು. ಹಳೆ ತೂತುಗಳಿಗೆ ದುಂಡನೆಯ ಮುಚ್ಚಳ ಕೂರಿಸಿದರು. ಬಣ್ಣ ಸರಿಹೊಂದದೆ ಅವು ಎದ್ದು ಕಾಣುತ್ತವೆ. ಬಂದವರು ಇದೇನು ಅಂತ ಕೇಳುತ್ತಾರೆ, ಮೊದಲು ಅಲ್ಲಿ ಲೈಟಿತ್ತು ಅನ್ನುತ್ತೇನೆ.

ಅವ್ವ ಆ ಬೇಸಿಗೆ ಪೂರ್ತಿ ನನ್ನ ಮನೆಯಲ್ಲೇ ಇದ್ದಳು. ಮಳೆ ಶುರುವಾದಾಗ ಸಂಜಯನಗರಕ್ಕೆ ಹೋಗತೀನಿ ಅಂದಳು. ಇದನ್ನು ಮೊದಲು ನನಗೇ ಹೇಳಿದಳು. ನಾನು ಬ್ಯಾಡ ಅಂದೆ, ಜೋರಾಗಿಯೇ ಅಂದೆ, ನಾಗರ ಪಂಚಮಿ ಮುಗಿಸಿಕೊಂಡು ಹೋಗು ಅಂತ ಹಟ ಹಿಡಿದೆ. ಅವಳೂ ದನಿ ಏರಿಸಿದಳು. ಕೊನೆಗೆ ಪಂಚಮಿಗೆ ಎಳ್ಳು, ಶೇಂಗಾದ ಉಂಡಿ ಕಟ್ಟಿ, ಅರ್ಧ ಡಬ್ಬಿ ಇಲ್ಲಿಟ್ಟು, ಅರ್ಧ ಡಬ್ಬಿ ತಂಗಿಗೆ ಅಂತ ಚೀಲಕ್ಕೆ ಹಾಕಿಕೊಂಡು ಹೊರಟಳು. ಅರ್ಧಕ್ಕಿಂತ ಹೆಚ್ಚೇ ಹಾಕಿಕೊಂಡಳು ಅಂತ ನನಗೆ ಈಗಲೂ ಅನ್ನಿಸುತ್ತದೆ.