ಡ್ರಿಲ್ ಮೇಷ್ಟ್ರು ನಡೆಸಿದ ಓದಿನ ಪಂದ್ಯ

ಹೋದ ಮಂಗಳವಾರ ಆರನೇ ತರಗತಿಯ ಹುಡುಗಿಯೊಬ್ಬಳು ಕುಂಟುತ್ತಾ ಸ್ಟಾಫ್ ರೂಮಿಗೆ ಬಂದಳು. ಕಾಲು ಉಳುಕಿತ್ತಂತೆ. ಅವಳ ಅಜ್ಜಿ ನೀಲಗಿರಿ ಎಣ್ಣೆಗೆ ಕರ್ಪೂರ ಬೆರೆಸಿ ತಿಕ್ಕಿ ಕಳಿಸಿದ್ದರು. ಆ ಘಾಟು ಮೂಗಿಗೆ ತಾಕಿದ್ದೇ ತಡ, ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಬರೆಯುತ್ತಿದ್ದದ್ದು ನಮ್ಮ ಸುತ್ತಲಿನ ಶಾಲೆಗಳ ಮಕ್ಕಳಿಗೆ ಈ ಶನಿವಾರ ನಡೆಸಬೇಕಿರುವ ತಂಡ ಓದಿನ ಸ್ಪರ್ಧೆಯ ಪಟ್ಟಿ. ಕಣ್ಣ ಮುಂದೆ ಬಂದು ನಿಂತವರು ಮಾತ್ರ ನಮ್ಮ ಡ್ರಿಲ್ ಮೇಷ್ಟ್ರು…

ಈಗ ನಾನು ವಿರೂಪಾಕ್ಷಿಪುರದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರು. ಓದಿದ್ದು ಸಾತನೂರಿನ ಆಚೆಯ ಒಂದು ಹೈಸ್ಕೂಲಿನಲ್ಲಿ. ಡ್ರಿಲ್ ಮೇಷ್ಟ್ರು ಅಲ್ಲಿದ್ದರು. ಎತ್ತರದ ಆಳು. ಹರೆಯದಲ್ಲಿ ಕಬಡ್ಡಿ ಆಡಿ ಬಲಗಾಲಿನ ಮಂಡಿ ಕೆಡಿಸಿಕೊಂಡಿದ್ದರು. ದಿನಾ ಬೆಳಿಗ್ಗೆ ಅದೇ ಕರ್ಪೂರದ ಎಣ್ಣೆ ತಿಕ್ಕಿಕೊಂಡು ಬರುತ್ತಿದ್ದುದರಿಂದ, ಅವರು ಕಾಣಿಸುವ ಮೊದಲೇ ವಾಸನೆ ವರಾಂಡಕ್ಕೆ ಬಂದಿರುತ್ತಿತ್ತು. ಕೊರಳಲ್ಲಿ ಒಂದು ಸೀಟಿ. ಅವರ ಬೈಗುಳಕ್ಕಿಂತ ಆ ಸೀಟಿಗೇ ನಾವು ಹೆಚ್ಚು ಹೆದರುತ್ತಿದ್ದೆವು.

ನಾನು ಎಂಟನೇ ತರಗತಿಗೆ ಸೇರಿದ ವರ್ಷ ಶಾಲೆಗೆ ಹೊಸ ಕೊಠಡಿಗಳು ಮಂಜೂರಾದವು. ಆಟದ ಬಯಲಿನ ತುಂಬ ಜಲ್ಲಿ, ಮರಳು, ಕಬ್ಬಿಣದ ಕಂಬಿ. ಆಟ ನಿಂತಿತು. ಕೆಲಸವಿಲ್ಲದೆ ಓಡಾಡುತ್ತಿದ್ದ ಡ್ರಿಲ್ ಮೇಷ್ಟ್ರಿಗೆ ಹೆಡ್ ಮೇಷ್ಟ್ರು ಲೈಬ್ರರಿ ಪೀರಿಯಡ್ ವಹಿಸಿದರು. ಲೈಬ್ರರಿ ಎಂದರೆ ಬೀಗ ಹಾಕಿದ ಒಂದು ಕಬ್ಬಿಣದ ಬೀರು, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಮಕ್ಕಳನ್ನು ಸುಮ್ಮನೆ ಕೂರಿಸಿ ಗಂಟೆ ಹೊಡೆಯುವುದನ್ನೇ ಕಾಯುತ್ತಿದ್ದರೇನೋ. ಇವರು ತಮಗೆ ಗೊತ್ತಿದ್ದ ಕೆಲಸ ಮಾಡಿದರು. ನಮ್ಮನ್ನು ಐದೈದು ಜನರ ತಂಡಗಳಾಗಿ ವಿಂಗಡಿಸಿದರು, ತಂಡಕ್ಕೊಬ್ಬ ಕ್ಯಾಪ್ಟನ್ನನ್ನು ಮಾಡಿದರು.

"ಆಟ ನಿಂತೋಯ್ತು ಅಂತ ಯಾರೂ ಸಪ್ಪಗೆ ಕೂರ್ಬೇಡಿ. ಇನ್ಮೇಲೆ ಓದೋದೇ ಆಟ," ಎಂದರು.

ನನಗೆ ಜೀವವೇ ಬಾಯಿಗೆ ಬಂತು. ಯಾಕೆಂದರೆ ನನಗೆ ಓದಲು ಬರುತ್ತಿರಲಿಲ್ಲ.

ಇದು ಯಾರಿಗೂ ಗೊತ್ತಿರಲಿಲ್ಲ. ನಮ್ಮದು ಕುರಿ ಸಾಕುವ ಮನೆ. ಮೂರನೆಯ, ನಾಲ್ಕನೆಯ ತರಗತಿಯ ಎರಡು ವರ್ಷಗಳಲ್ಲಿ ಹೆಚ್ಚಿನ ದಿನ ನಾನು ಅಪ್ಪ, ಅವ್ವನ ಜೊತೆ ಮಂದೆಯ ಹಿಂದೆ ಊರೂರು ತಿರುಗಿದ್ದೆ. ಹಾಜರಿಯಲ್ಲಿ ನನ್ನ ಹೆಸರು ಹೇಗೋ ಉಳಿದಿತ್ತು, ಹೇಗೋ ಮುಂದಿನ ತರಗತಿಗಳಿಗೂ ಹೋಗುತ್ತಿತ್ತು. ಬಿಡಿ ಅಕ್ಷರ ಗೊತ್ತಿತ್ತು. ಒತ್ತಕ್ಷರ ಬಂದರೆ ಕಣ್ಣು ಕತ್ತಲೆ. ಆದರೆ ಒಂದು ಸಲ ಕೇಳಿದ್ದನ್ನು ಮರೆಯುತ್ತಿರಲಿಲ್ಲ. ಪಕ್ಕದವಳು ಓದಿದ್ದನ್ನು ಕೇಳಿಸಿಕೊಂಡು, ಪುಸ್ತಕ ಹಿಡಿದು, ಗಿಣಿಯ ಹಾಗೆ ಒಪ್ಪಿಸಿಬಿಡುತ್ತಿದ್ದೆ. ಮೇಷ್ಟ್ರುಗಳೆಲ್ಲ ಭೇಷ್ ಎನ್ನುತ್ತಿದ್ದರು.

ಮೊದಲ ವಾರದ ಅಭ್ಯಾಸದಲ್ಲಿ ಡ್ರಿಲ್ ಮೇಷ್ಟ್ರು ಪಾಠದ ಪುಸ್ತಕ ತೆರೆದು ನನ್ನ ಕೈಗೆ ಕೊಟ್ಟರು. ನಾನು ಎದ್ದು ನಿಂತು, ತಡವರಿಸದೆ ಶುರುಮಾಡಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಬಯಲಿನ ಕಡೆಯಿಂದ ಗಾಳಿ ಬೀಸಿ ನಾಲ್ಕೈದು ಪುಟ ಮಗುಚಿಕೊಂಡವು. ಅದು ನನ್ನ ಗಮನಕ್ಕೇ ಬರಲಿಲ್ಲ. ನನ್ನ ಪಾಠ ನಿಲ್ಲದೆ ಹರಿಯುತ್ತಲೇ ಇತ್ತು. ಮೇಷ್ಟ್ರು ನನ್ನ ಕೈಯಲ್ಲಿದ್ದ ಪುಟವನ್ನು ನೋಡಿದರು, ನನ್ನ ಮುಖವನ್ನು ನೋಡಿದರು. "ಕೂತ್ಕೊ" ಎಂದರು, ಅಷ್ಟೇ.

ಮಾರನೆಯ ದಿನ ಮಧ್ಯಾಹ್ನ ಎಲ್ಲರೂ ವರಾಂಡದಲ್ಲಿ ಬುತ್ತಿ ಬಿಚ್ಚಿ ಕೂತಿದ್ದಾಗ ನನ್ನ ಹತ್ತಿರ ಬಂದರು. ಮಂಡಿ ಮಡಚಲಾಗದೆ ಕಾಲು ನೀಡಿ ಗೋಡೆಗೆ ಒರಗಿ ಕೂತು, ಪಕ್ಕದವರಿಗೆ ಕೇಳಿಸದಂತೆ, "ಏನವ್ವಾ, ಪುಟ ಮಗುಚಿಕೊಂಡ್ರೂ ನಿನ್ ಪಾಠ ನಿಲ್ಲಲೇ ಇಲ್ವಲ್ಲ?" ಎಂದರು.

ಬುತ್ತಿ ಮುಚ್ಚಿಟ್ಟೆ. ಕಣ್ಣೀರು ಸುರಿಯತೊಡಗಿತು.

"ಅಳ್ಬೇಡ. ಯಾರ್ಗೂ ಯೋಳಲ್ಲ. ನಂಗೂ ಹಿಂಗೇಯ ಕಣವ್ವ. ನಾಕ್ ಜನದ ಮುಂದೆ ಓದು ಅಂದ್ರೆ ಇವತ್ಗೂ ಅಕ್ಷರ ಎಲ್ಲಾ ಓಡಾಡ್ತವೆ." ಮಂಡಿ ಉಜ್ಜಿಕೊಳ್ಳುತ್ತಾ ಮತ್ತೆ ಹೇಳಿದರು. "ಕಬಡ್ಡಿಲಿ ಉಸಿರು ಹಿಡೀಬೇಕು. ಓದೋವಾಗ ಉಸಿರು ಬುಡ್ಬೇಕು. ನೀನು ಹೆದ್ರುಕೊಂಡು ಹಿಡ್ಕೊಂಡ್ಬುಟ್ಟಿದೀಯ. ಒಸಿ ನಿಧಾನಕ್ಕೆ ಬುಡು."

ಅವರು ಯಾವ ಸಮಾರಂಭದಲ್ಲೂ ವರದಿ ಓದದೆ, ಕಾಗದವನ್ನು ಕನ್ನಡ ಮೇಷ್ಟ್ರ ಕೈಗೆ ದಾಟಿಸುತ್ತಿದ್ದದ್ದು ನನಗೆ ಆಗ ನೆನಪಾಯಿತು…

ಅದಾದ ಎರಡು ದಿನಕ್ಕೆ ಅವರು ಒಂದು ನಿಯಮ ಸಾರಿದರು. ಅಕ್ಕಪಕ್ಕದ ಮೂರು ಶಾಲೆಗಳನ್ನು ಕರೆದು ಪಂದ್ಯ ಇಡುವುದು. ಶಾಲೆಗೊಂದು ತಂಡ, ಅದರಲ್ಲಿ ಚೆನ್ನಾಗಿ ಓದುವವರಷ್ಟೇ ಅಲ್ಲ, ಓದಲು ತಡವರಿಸುವವರೂ ಇರಬೇಕು. ತಂಡದ ಐವರೂ ಹಿಂದೆ ಕಂಡಿರದ ಪುಸ್ತಕದಿಂದ ಒಂದೊಂದು ಪುಟ ಓದಬೇಕು. ಐವರಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ಯಾರಿಗೆ ಬರುತ್ತದೋ ಅದೇ ಇಡೀ ತಂಡದ ಅಂಕ. ಓದುವವರ ಪಕ್ಕ ಇನ್ನೊಬ್ಬರು ನಿಂತು ಸಾಲಿನ ಕೆಳಗೆ ಬೆರಳಿಡಬಹುದು, ಬಾಯಿ ಮಾತ್ರ ಬಿಡುವಂತಿಲ್ಲ.

ಹೆಡ್ ಮೇಷ್ಟ್ರಿಗೆ ಇದು ಹಿಡಿಸಲಿಲ್ಲ. "ಸೋಲೋಕೆ ಅಂತ ಯಾರಾದ್ರೂ ಪಂದ್ಯ ಇಟ್ಕೋತಾರೇನ್ರೀ? ಚೆನ್ನಾಗಿ ಓದೋ ಐದು ಮಕ್ಕಳನ್ನ ಆರಿಸಿ," ಎಂದರು.

"ಚೆನ್ನಾಗ್ ಓದೋ ಮಕ್ಳು ಹೆಂಗೂ ಓದ್ಕೋತವೆ ಸಾರ್. ಓದೋಕ್ ಬರ್ದೆ ಇರೋವು ನಮ್ ಕೈಗೆ ಸಿಗೋದು ಇದೊಂದೇ ಸತಿ," ಎಂದರು ಡ್ರಿಲ್ ಮೇಷ್ಟ್ರು. ಸಾಲದ್ದಕ್ಕೆ ತಮ್ಮ ಹಳೆಯ ಮೊಪೆಡ್ ಏರಿ ಮೂರೂ ಶಾಲೆಗಳಿಗೆ ಹೋದರು. ಎರಡು ಒಪ್ಪಿದವು. ಮೂರನೆಯದರ ಬಾಗಿಲಿಗೆ ಮೂರು ಸಲ ಹೋಗಬೇಕಾಯಿತು.

ಮೇಷ್ಟ್ರು ಪಂದ್ಯಕ್ಕೆ ಆರಿಸಿದ ನಮ್ಮ ಶಾಲೆಯ ತಂಡದ ಕ್ಯಾಪ್ಟನ್ ನಸ್ರೀನ್. ಸಾತನೂರು ಸರ್ಕಲ್ಲಿನಲ್ಲಿ ಅವಳ ಅಬ್ಬನ ಸೈಕಲ್ ಶಾಪು ಇತ್ತು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡದಲ್ಲಿ ಅವಳೇ ಮೊದಲು. ತಂಡದಲ್ಲಿ ನನ್ನ ಹೆಸರು ಕಂಡು, ಎರಡು ಪುಟ ಓದಿಸಿ ನೋಡಿದ ಮೇಲೆ ಅವಳಿಗೂ ಗುಟ್ಟು ತಿಳಿಯಿತು. ನೇರ ಮೇಷ್ಟ್ರ ಬಳಿಗೆ ಹೋದಳು.

"ಸಾರ್, ಇವಳಿದ್ರೆ ನಮ್ ಟೀಮ್ ಸೋತೋಗುತ್ತೆ. ಬೇರೆಯವ್ರನ್ನ ಕೊಡಿ."

"ಸೋತೋಗುತ್ತೆ, ನಿಜ. ಅದ್ಕೇ ನಿನ್ನ ಕ್ಯಾಪ್ಟನ್ ಮಾಡಿರೋದು."

ನಸ್ರೀನ್ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ತಾನಾಗಿಯೇ ಬಂದು, ಎದುರಿನ ಗೊಬ್ಬರದ ಅಂಗಡಿಯ ಬೋರ್ಡು ತೋರಿಸಿ, "ಓದು" ಎಂದಳು. ಅಂದಿನಿಂದ ನಮ್ಮಿಬ್ಬರ ಶಾಲೆ ಬಸ್ ಸ್ಟ್ಯಾಂಡಿನಲ್ಲಿ. ಬಸ್ಸಿನ ಬೋರ್ಡು, ಮೇವಿನ ಚೀಲ, ಗೋಡೆಗೆ ಅಂಟಿಸಿದ ಸಿನಿಮಾ ಪೋಸ್ಟರು, ಒಂದನ್ನೂ ಬಿಡುತ್ತಿರಲಿಲ್ಲ. "ಮೇಲಿರೋನ್ಗೆ ಅರ್ಧ ಉಸಿರು, ಕೆಳಗಿರೋನ್ಗೆ ಪೂರ್ತಿ ಉಸಿರು," ಎಂದು ಒತ್ತಕ್ಷರವನ್ನು ಅವಳು ಹೇಳಿಕೊಟ್ಟ ಬಗೆಯಲ್ಲೇ ಇವತ್ತೂ ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು ವಾಕ್ಯ ಮುಗಿದ ಕಡೆಯೆಲ್ಲ ಕೈ ಎತ್ತುತ್ತಿದ್ದರು. ಐವರೂ ಒಟ್ಟಿಗೆ ಉಸಿರು ಬಿಡಬೇಕು. ನೋಡಿದವರು ನಗುತ್ತಿದ್ದರು.

ಪಂದ್ಯ ನಡೆದದ್ದು ನಮ್ಮ ವರಾಂಡದಲ್ಲೇ, ಅರ್ಧ ಎದ್ದ ಗೋಡೆಗಳ ಪಕ್ಕ. ನಾಲ್ಕು ಶಾಲೆಯ ಮಕ್ಕಳು ಚಾಪೆಯ ಮೇಲೆ ಕೂತಿದ್ದರು. ನನ್ನ ಸರದಿ ನಾಲ್ಕನೆಯದು. ಒಂದು ಕೆರೆಯ ಕುರಿತ ಪುಟ ಬಂತು. ಮೊದಲ ಆರೇಳು ಸಾಲು ಹೇಗೋ ದಾಟಿದೆ. ಆಮೇಲೆ ಒಂದು ಪದ ಎದುರಿಗೆ ಕೂತಿತ್ತು. ವೈಶಿಷ್ಟ್ಯ. ಅದರ ಹೊಟ್ಟೆಯ ಕೆಳಗೆ ಒಂದಲ್ಲ, ಎರಡು ಒತ್ತು. ನಿಂತುಬಿಟ್ಟೆ. ಬೇರೆ ಶಾಲೆಯ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಸ್ರೀನಳ ಬೆರಳು ಬಂದು ಆ ಪದದ ಕೆಳಗೆ ಕೂತಿತು. ವರಾಂಡದ ತುದಿಯಲ್ಲಿ ಮೇಷ್ಟ್ರು ನಮ್ಮ ಕಡೆ ನೋಡಲಾರದೆ ಜಲ್ಲಿ ರಾಶಿಯ ಕಡೆ ತಿರುಗಿ ನಿಂತಿದ್ದರು. ನಾನು ಹಿಡಿದಿದ್ದ ಉಸಿರು ಬಿಟ್ಟೆ. ವೈ… ಶಿ… ಷ್ಟ… ವೈಶಿಷ್ಟ್ಯ. ಪದ ಬಾಯಿಂದ ಆಚೆ ಬಂದಿತ್ತು. ಉಳಿದ ಪುಟ ಹೇಗೆ ಮುಗಿಯಿತೋ ನನಗೆ ನೆನಪಿಲ್ಲ.

ನಾಲ್ಕು ತಂಡಗಳಲ್ಲಿ ನಮಗೆ ಮೂರನೆಯ ಸ್ಥಾನ. ಫಲಿತಾಂಶದ ಕಾಗದ ಕೈಗೆ ಬಂದಾಗ ಕನ್ನಡ ಮೇಷ್ಟ್ರು ಅಭ್ಯಾಸಬಲದಿಂದ ಕೈ ಚಾಚಿದರು. ಡ್ರಿಲ್ ಮೇಷ್ಟ್ರು ಕೊಡಲಿಲ್ಲ. ಕಾಗದವನ್ನು ಮೇಜಿನ ಮೇಲೆ ಹರಡಿ, ಸಾಲಿನ ಕೆಳಗೆ ತೋರುಬೆರಳಿಟ್ಟು, ಅಷ್ಟೂ ಜನರ ಮುಂದೆ ತಾವೇ ಓದಿದರು. ಎರಡು ಕಡೆ ನಿಂತರು, ಬೆವರು ಒರೆಸಿಕೊಂಡರು, ಮತ್ತೆ ಓದಿದರು. ಬಂದ ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ.

ಎಲ್ಲರೂ ಹೊರಟ ಮೇಲೆ ನಾನು ಸೋತದ್ದಕ್ಕೆ ತಪ್ಪಾಯ್ತು ಎಂದು ಹೇಳಲು ಹೋದೆ. "ಯಾವ ಸೋಲವ್ವ? ಔಟಾಗ್ದೆ ವಾಪಸ್ ಬಂದಿದೀಯ. ನಾನೂವೆ ಬಂದಿದೀನಿ," ಎಂದು ಜೋರಾಗಿ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಮರುವರ್ಷವೂ ಪಂದ್ಯ ನಡೆಯಿತು. ಆಮೇಲೆ ಅವರಿಗೆ ಮಾಗಡಿ ತಾಲ್ಲೂಕಿನ ಕುದೂರಿನ ಕಡೆಗೆ ವರ್ಗವಾಯಿತು. ಬಯಲು ಮತ್ತೆ ಆಟಕ್ಕೆ ಸಿಕ್ಕಿತು, ಓದಿನ ಆಟ ನಿಂತಿತು. ನಾನು ಹತ್ತನೇ ತರಗತಿ ಪಾಸು ಮಾಡಿದೆ, ಟೀಚರ್ ಟ್ರೈನಿಂಗ್ ಮುಗಿಸಿದೆ, ಕೆಲಸ ಸಿಕ್ಕಿತು. ಒಂದು ಸಲ ಕುದೂರಿಗೆ ಹೋಗಿ ಹೇಳಿ ಬರಬೇಕು ಎಂದು ಪ್ರತಿ ಬೇಸಿಗೆ ರಜೆಯಲ್ಲೂ ಅಂದುಕೊಂಡೆ. ಬಸ್ಸಿಗೇನೂ ಕೊರತೆ ಇರಲಿಲ್ಲ. ಹೋಗಲಿಲ್ಲ, ಅಷ್ಟೇ… ಹೋದ ವರ್ಷ ತರಬೇತಿಯೊಂದರಲ್ಲಿ ಆ ಕಡೆಯ ಟೀಚರೊಬ್ಬರು ಸಿಕ್ಕಾಗ ವಿಚಾರಿಸಿದೆ. ಡ್ರಿಲ್ ಮೇಷ್ಟ್ರು ತೀರಿಕೊಂಡು ಎಂಟು ತಿಂಗಳಾಗಿತ್ತು.

ಈ ವರ್ಷ ಸ್ಪರ್ಧೆಯ ಜವಾಬ್ದಾರಿ ನನಗೆ ಬಂದಾಗ ನಾನು ಮೊದಲು ಮುಂದಿಟ್ಟದ್ದು ಅವರ ನಿಯಮವನ್ನೇ. ಸಭೆಯಲ್ಲಿ ಗದ್ದಲವಾಯಿತು. ಜಾಣ ಮಕ್ಕಳಿಗೆ ಅನ್ಯಾಯ ಎಂದರು, ಶಾಲೆಯ ಹೆಸರು ಹಾಳು ಎಂದರು. ಐದು ಶಾಲೆಗಳು ಒಪ್ಪಿದವು, ಒಂದು ಒಪ್ಪಲಿಲ್ಲ. ಸ್ಕೂಟಿ ಹತ್ತಿ ಆ ಶಾಲೆಗೆ ಎರಡು ಸಲ ಹೋಗಿ ಬಂದೆ. ಅಲ್ಲಿನ ಹೆಡ್ ಮೇಷ್ಟ್ರು ನೋಡೋಣ ಎಂದಿದ್ದರು.

ಇವತ್ತು ಸಂಜೆ ಅವರ ಫೋನ್ ಬಂತು. "ಮೇಡಂ, ನಾವೂ ಬತ್ತೀವಿ. ಆದ್ರೆ ಒಂದ್ ಮಾತು. ಐದ್ರಲ್ಲಿ ಮೂರು ಮಕ್ಳಿಗೆ ಓದೋಕೆ ಸರಿಯಾಗಿ ಬರಲ್ಲ. ಉಳಿದಿಬ್ರು ಎರಡು ವಾರದಿಂದ ಇವುಗಳ ಬೆನ್ನು ಬಿದ್ದವ್ರೆ, ಮಧ್ಯಾಹ್ನ ಆಟಕ್ಕೂ ಬುಡ್ತಿಲ್ಲ. ಕರ್ಕಂಡ್ ಬರ್ಬೋದಾ?"

"ಐದು ಜನಾನೂ ಕರ್ಕೊಂಡು ಬನ್ನಿ ಸಾರ್," ಎಂದೆ. ಅವರು ಐವರ ಹೆಸರನ್ನೂ ಹೇಳಿದರು.

ಮಾತು ಮುಗಿದ ಮೇಲೂ ಫೋನ್ ಕೈಯಲ್ಲೇ ಇತ್ತು. ಇದನ್ನು ಈಗಲೇ ಡ್ರಿಲ್ ಮೇಷ್ಟ್ರಿಗೆ ಹೇಳಬೇಕು ಅನ್ನಿಸಿತು. ಅವರ ನಂಬರು ನನ್ನ ಬಳಿ ಎಂದೂ ಇರಲಿಲ್ಲ. ಕೇಳಿದ್ದರೆ ಯಾರಾದರೂ ಕೊಡುತ್ತಿದ್ದರು, ನಾನು ಕೇಳಲಿಲ್ಲ. ಪಟ್ಟಿ ತೆಗೆದು ಆರನೆಯ ಶಾಲೆಯ ಐದೂ ಹೆಸರುಗಳನ್ನು ಒಂದೊಂದಾಗಿ, ಗಟ್ಟಿಯಾಗಿ ಓದಿಕೊಳ್ಳುತ್ತಾ ಬರೆದೆ.