ಹೊಲಿಯುವ ಕಿಣ್ವ ಮತ್ತು ನಮ್ಮ ಮೇಷ್ಟ್ರು

“ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಪೈಪೆಟ್ ಕೊಟ್ರೆ ಕಿಣ್ವ ಸಾಯದೆ ಇನ್ನೇನಾಗುತ್ತೆ ಸ್ವಾಮಿ? ಇವನನ್ನ ವಾಪಸ್ ಗಾಜು ತೊಳೆಯೋಕೆ ಕಳಿಸಿ.”

ವರ್ಷಗಳ ಹಿಂದೆ, ನಮ್ಮ ಪ್ರಯೋಗ ಫಲ ಕೊಡದಿದ್ದಾಗ, ಸಂಶೋಧನಾ ಸಂಸ್ಥೆಯ ತುಂಬಿದ ಸಭೆಯಲ್ಲಿ ನಿರ್ದೇಶಕರು ನನ್ನತ್ತ ಬೆರಳು ತೋರಿ ಹೀಗೆಂದಾಗ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿದ್ದ ನಮ್ಮ ಮೇಷ್ಟ್ರು ಮಾತ್ರ, “ಒಂದು ವಾರ ಕೊಡಿ, ಆಮೇಲೆ ನೋಡೋಣ” ಎಂದರು.

ಎಚ್‌ಐವಿಯಂಥ ರೆಟ್ರೊವೈರಸ್‌ಗಳ ಅಧ್ಯಯನಕ್ಕೆ ಇಡೀ ಸೇವಾವಧಿಯನ್ನೇ ಮುಡಿಪಿಟ್ಟು ಇಂದು ನಿವೃತ್ತರಾಗುತ್ತಿರುವ ಈ ಹಿರಿಯರು, ತೊಳೆಯುವ ಕೋಣೆಯಲ್ಲಿದ್ದ ನನ್ನನ್ನು ಕರೆತಂದು, ತಮ್ಮ ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟ ಮೊದಲ ಪಾಠವಿದು:

“ನೋಡಪ್ಪಾ, ವೈರಸ್ ನಮ್ಮ ಜೀವಕೋಶದ ಒಳಗೆ ಬಂದು ತನ್ನ ಆರ್‌ಎನ್‌ಎ ನೋಡ್ಕೊಂಡು ಡಿಎನ್‌ಎ ಮಾಡುತ್ತೆ. ಇಂಟಿಗ್ರೇಸ್ ಅನ್ನೋ ಕಿಣ್ವ ಅದರ ಎರಡೂ ತುದಿ ಸವರಿ, ನಮ್ಮ ಡಿಎನ್‌ಎ ಕತ್ತರಿಸಿ, ಅಲ್ಲೇ ಹೊಲಿದುಬಿಡುತ್ತೆ. ಉಳಿದ ಸಂದಿಗೆ ತೇಪೆ ಹಾಕೋದು ಯಾರು ಗೊತ್ತಾ? ನಮ್ಮ ಜೀವಕೋಶವೇ! ಕಳ್ಳ ಕನ್ನ ಕೊರೆದ ಗೋಡೆಗೆ ಮನೆಯವರೇ ಗಾರೆ ಮೆತ್ತಿದ ಹಾಗೆ.”

ಅಬ್ಬಾ! ಶಾಲೆಯಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ನಾನೇಕೆ ಬಿಡುತ್ತಿದ್ದೆ?

ಆ ವಾರವಿಡೀ ಕಿಣ್ವವನ್ನೂ ಡಿಎನ್‌ಎಯನ್ನೂ ಕಲಸಿದೆವು, ಕಾದೆವು, ತುಣುಕುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಓಡಿಸಿದೆವು. ಹೊಲಿಗೆ ಬಿದ್ದ ಡಿಎನ್‌ಎಯ ಪಟ್ಟೆ ಮೂಡಲೇ ಇಲ್ಲ. ನನ್ನ ಕೈಯೇ ಕೆಟ್ಟದ್ದಿರಬೇಕೆಂದು ನಾನೂ ನಂಬತೊಡಗಿದ್ದೆ. ಆಗ ಮೇಷ್ಟ್ರು ಹಣೆ ಚಚ್ಚಿಕೊಂಡರು.

“ಅಯ್ಯೋ, ಡಿಎನ್‌ಎ ಕೆಡಬಾರದು ಅಂತ ನಾನೇ ಇಡಿಟಿಎ ಅನ್ನೋ ರಾಸಾಯನಿಕ ಸುರಿದಿಟ್ಟಿದ್ದೀನಲ್ಲೋ! ಅದು ಮೆಗ್ನೀಸಿಯಮನ್ನೆಲ್ಲ ಹಿಡ್ಕೊಂಡು ಕೂತಿದೆ. ಮೆಗ್ನೀಸಿಯಂ ಇಲ್ದೆ ಈ ದರ್ಜಿ ಸೂಜೀನೇ ಮುಟ್ಟಲ್ಲ.”

ಡಿಎನ್‌ಎಯನ್ನು ಇಡಿಟಿಎ ಹೋಗುವಂತೆ ಶುದ್ಧಗೊಳಿಸಿದೆವು. ಮತ್ತೆ ಕಲಸುವ ಹೊತ್ತಿಗೆ ಪೈಪೆಟ್ಟನ್ನು ಅವರು ಮುಟ್ಟಲಿಲ್ಲ; ನನ್ನ ಕೈಗೇ ಕೊಟ್ಟರು. ಮರುದಿನ ಜೆಲ್‌ನಲ್ಲಿ ಪಟ್ಟೆ ಫಳಫಳ ಹೊಳೆಯಿತು! “ಬಂತು ಕಣೋ!” ಎಂದು ಅವರು ಕೂಗಿದ ಕೂಗಿಗೆ ಪಕ್ಕದ ಪ್ರಯೋಗಾಲಯದವರೆಲ್ಲ ಬೆಂಕಿ ಬಿತ್ತೆಂದು ಓಡಿಬಂದರು.

ಇಂಥವರು ನೂರ್ಕಾಲ ಬಾಳಲಿ. ನಾಳೆಯಿಂದ ಅವರು ಪ್ರಯೋಗಾಲಯಕ್ಕೆ ಬರಕೂಡದೆಂದು ಯಾರಾದರೂ ಅಂದರೆ, ಸುಮ್ಮನಿರುವವನು ನಾನಲ್ಲ.

ಅಂದಿನದೊಂದು ಮಾತು ಉಳಿದಿದೆ. ಮತ್ತೆ ಸೇರಿದ ಸಭೆಯಲ್ಲಿ ಮೇಷ್ಟ್ರು ಎದ್ದುನಿಂತು, “ತಪ್ಪು ನಂದು, ಮಾಡಿ ತೋರಿಸಿದ ಕೈ ಇವನದು” ಎಂದರು. ನಿರ್ದೇಶಕರು ನಕ್ಕರು. “ಸರಿ, ಕೆಲಸ ಆಯ್ತಲ್ಲ. ಇನ್ನಾದ್ರೂ ಇವನನ್ನ ತೊಳೆಯೋ ಕೋಣೆಗೆ ಕಳಿಸ್ತೀರೋ ಇಲ್ವೋ?”

ಮೇಷ್ಟ್ರು ಜೇಬಿಗೆ ಕೈಹಾಕಿದರು. ಕಿಣ್ವಗಳ ಫ್ರೀಜರಿನ ಕೀಲಿಕೈಯನ್ನು ಎಲ್ಲರ ಎದುರಿಗೇ ನನ್ನ ಅಂಗೈಯಲ್ಲಿಟ್ಟು, ಬಾಗಿಲತ್ತ ನಡೆದುಬಿಟ್ಟರು.